ಪರದೇಶದ ಸೊಸೆ, ನಮ್ಮೂರ ಉತಾರ

ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಯ ಕೆಲವು ಮನೆಗಳಲ್ಲಿ ಈಚೆಗೆ ಶುರುವಾಗಿರುವ ಒಂದು ಚಿಂತೆಯ ಬಗ್ಗೆ. ಮಗ ದುಬೈಯಲ್ಲೋ ಕತಾರಿನಲ್ಲೋ ದುಡಿಯುತ್ತಾನೆ. ಅಲ್ಲಿ ಅವನಿಗೆ ಫಿಲಿಪ್ಪೀನ್ಸ್ ದೇಶದ ಹುಡುಗಿಯ ಪರಿಚಯವಾಗುತ್ತದೆ. ಅವಳು ಆಸ್ಪತ್ರೆಯಲ್ಲಿ ನರ್ಸ್, ಇಲ್ಲವೇ ಅಂಗಡಿಯಲ್ಲಿ ಸೇಲ್ಸ್ ಕೆಲಸ, ಇಲ್ಲವೇ ಹೋಟೆಲಿನ ಸ್ವಾಗತಕಾರಿಣಿ. ಇಬ್ಬರೂ ಮನೆ ಬಿಟ್ಟು ಬಂದವರು, ಇಬ್ಬರೂ ತಿಂಗಳು ತಿಂಗಳು ಊರಿಗೆ ರೊಕ್ಕ ಕಳಿಸುವವರು. ಮನಸ್ಸು ಕೂಡುವುದರಲ್ಲಿ ಆಶ್ಚರ್ಯವೇನಿಲ್ಲ. ಹಡಗಿನ ನೌಕರಿಗೆ ಹೋದವರಿಗೂ, ದಾವಾವ್ ನಗರದ ವೈದ್ಯಕೀಯ ಕಾಲೇಜಿಗೆ ಓದಲು ಹೋದ ನಮ್ಮ ಮಕ್ಕಳಿಗೂ ಇದೇ ಅನುಭವ ಆಗುವುದುಂಟು.

ಇಂಥ ಮದುವೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡಲು ನಾನು ಇಲ್ಲಿ ಕೂತಿಲ್ಲ. ಹುಡುಗ, ಹುಡುಗಿ ಒಪ್ಪಿದ್ದಾರೆ, ಎರಡೂ ಮನೆಯವರು ಒಪ್ಪುತ್ತಾರೆ ಎಂದರೆ ಅದು ಸಂತೋಷದ ಮಾತು. ನಾನು ಬೈಲಹೊಂಗಲದಲ್ಲಿ ವಕೀಲಿ ಮಾಡುವವನು. ನನ್ನ ಹತ್ತಿರ ಇವರು ಬರುವುದು ಸಂತೋಷ ಮುಗಿದು ಕಾಗದದ ತೊಡಕು ಶುರುವಾದ ಮೇಲೆ. ಅಷ್ಟರಲ್ಲಿ ವೀಸಾ ಮುಗಿಯುತ್ತ ಬಂದಿರುತ್ತದೆ, ರಜೆಯೂ ಮುಗಿಯುತ್ತ ಬಂದಿರುತ್ತದೆ. ಅದಕ್ಕೇ ಮದುವೆಗೆ ಮೊದಲೇ ತಿಳಿಯಬೇಕಾದ್ದನ್ನು ಇವತ್ತು ಹೇಳುತ್ತೇನೆ.

ಮೊದಲು ಮದುವೆಯ ಮಾತು. ಮಗ ಸೊಸೆಯನ್ನು ಕರೆದುಕೊಂಡು ಬಂದ, ಸವದತ್ತಿ ಗುಡ್ಡಕ್ಕೋ ಗೊಡಚಿ ವೀರಭದ್ರನ ಗುಡಿಗೋ ಹೋಗಿ ತಾಳಿ ಕಟ್ಟಿಸಿದ್ದಾಯಿತು, ಊರವರಿಗೆ ಊಟ ಹಾಕಿದ್ದೂ ಆಯಿತು. "ಸಾಹೇಬ್ರ, ಮದವಿ ಆಗೇತಿ, ಊರ ಮಂದಿ ಎಲ್ಲಾ ಉಂಡು ಹೋಗ್ಯಾರ, ಇನ್ನ ಮತ್ಯಾವ ಕಾಗದರಿ?" ಎಂದು ಕೇಳುತ್ತಾರೆ. ಕೇಳುವವರ ಮುಖ ನೋಡಿದರೆ ಹೇಳಲು ಸಂಕಟವಾಗುತ್ತದೆ. ಆದರೂ ಹೇಳಲೇಬೇಕು. 1955ರ ಹಿಂದೂ ವಿವಾಹ ಕಾಯ್ದೆ ಹಿಂದೂಗಳಿಬ್ಬರ ಮದುವೆಗೆ ಮಾತ್ರ ಅನ್ವಯಿಸುತ್ತದೆ. ಆ ಕಾಯ್ದೆಯ ಮಟ್ಟಿಗೆ ಲಿಂಗಾಯತರು, ವೀರಶೈವರು, ಜೈನರು, ಬೌದ್ಧರು, ಸಿಖ್ಖರು ಎಲ್ಲರೂ ಅದರೊಳಗೇ ಬರುತ್ತಾರೆ. ಫಿಲಿಪ್ಪೀನ್ಸಿನ ಹುಡುಗಿಯರಲ್ಲಿ ಬಹುಪಾಲು ಕ್ಯಾಥೊಲಿಕ್ ಕ್ರೈಸ್ತರು. ಹಿಂದೂ ಒಬ್ಬರು ಕ್ರೈಸ್ತರೊಬ್ಬರನ್ನು ಈ ಕಾಯ್ದೆಯ ಪ್ರಕಾರ ಮದುವೆಯಾದರೆ ಅದು ಮದುವೆಯೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಆಂಧ್ರದ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ. ಗುಡಿಯ ರಸೀದಿ, ಫೋಟೊ, ಆಮಂತ್ರಣ ಪತ್ರಿಕೆ ಇವು ಯಾವುವೂ ಆ ಹುಡುಗಿಗೆ ಹೆಂಡತಿಯ ಹಕ್ಕು ಕೊಡುವುದಿಲ್ಲ.

ಹಾಗಾದರೆ ದಾರಿ ಯಾವುದು? 1954ರ ವಿಶೇಷ ವಿವಾಹ ಕಾಯ್ದೆ. ನಮ್ಮ ಸಬ್ ರಿಜಿಸ್ಟ್ರಾರರೇ ಇದರ ವಿವಾಹಾಧಿಕಾರಿ. ಹುಡುಗ, ಹುಡುಗಿ ಇಬ್ಬರಲ್ಲಿ ಒಬ್ಬರಾದರೂ ಅರ್ಜಿಗೆ ಮುಂಚೆ ಆ ವ್ಯಾಪ್ತಿಯಲ್ಲಿ ಕನಿಷ್ಠ 30 ದಿನ ವಾಸ ಮಾಡಿರಬೇಕು. ಅರ್ಜಿ ಕೊಟ್ಟ ಮೇಲೆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಅಲ್ಲಿಂದ 30 ದಿನ ತಕರಾರಿಗೆ ಅವಕಾಶ. ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ ಮಾಡಿದರೆ ಮದುವೆ. ನೋಟಿಸು ಕೊಟ್ಟ 3 ತಿಂಗಳೊಳಗೆ ಇದೆಲ್ಲ ಮುಗಿಯದಿದ್ದರೆ ಮತ್ತೆ ಹೊಸ ನೋಟಿಸು ಕೊಡಬೇಕು.

ಈಗ ಲೆಕ್ಕ ಹಾಕಿ ನೋಡಿ. ವಾಸದ 30 ದಿನ, ನೋಟಿಸಿನ 30 ದಿನ, ಅಲ್ಲಿಗೇ ಎರಡು ತಿಂಗಳಾಯಿತು. ಗಲ್ಫಿನಿಂದ ಬರುವ ಹುಡುಗನಿಗೆ ಅಷ್ಟು ರಜೆ ಸಿಗುವುದು ಕಷ್ಟ. ಈ ಸಣ್ಣ ಲೆಕ್ಕ ತಪ್ಪಿದ್ದಕ್ಕೇ ಎಷ್ಟೋ ಜನ ಗುಡಿಯಲ್ಲಿ ತಾಳಿ ಕಟ್ಟಿ, ನೋಂದಣಿಯನ್ನು ಮುಂದಿನ ರಜೆಗೆ ಎಂದು ಬಿಟ್ಟು ಹೋಗುತ್ತಾರೆ. ಮುಂದಿನ ರಜೆಯಲ್ಲಿ ಮಗು ತೊಟ್ಟಿಲಲ್ಲಿರುತ್ತದೆ, ನೋಂದಣಿ ಇನ್ನೂ ಹಾಗೇ ಉಳಿದಿರುತ್ತದೆ. ಗುಡಿಯಲ್ಲಿ ಈಗಾಗಲೇ ಆದ ಮದುವೆಯನ್ನೂ ಅದೇ ಕಾಯ್ದೆಯ 15ನೇ ಕಲಮಿನಲ್ಲಿ ಆಮೇಲೆ ನೋಂದಾಯಿಸಬಹುದು, ಅದಕ್ಕೂ 30 ದಿನದ ನೋಟಿಸು ಇದ್ದೇ ಇದೆ. ಹೊರದೇಶದಲ್ಲೇ ಮದುವೆಯಾಗುವುದಾದರೆ 1969ರ ವಿದೇಶಿ ವಿವಾಹ ಕಾಯ್ದೆ ಇದೆ. ಒಬ್ಬರು ಭಾರತದ ನಾಗರಿಕರಾಗಿದ್ದು, ಆ ದೇಶದ ಕಾನೂನೂ ಒಪ್ಪಿದರೆ ನಮ್ಮ ದೂತಾವಾಸದ ಅಧಿಕಾರಿಯೇ ಮದುವೆ ಮಾಡಿಸಬಹುದು. ಅಬುಧಾಬಿಯಲ್ಲಿ 2021ರಿಂದ ಮುಸ್ಲಿಮೇತರರಿಗೆಂದೇ ಸಿವಿಲ್ ಮದುವೆಯ ಕಾನೂನು ಬಂದಿದೆ. ಅಲ್ಲಿಯ ಪ್ರಮಾಣಪತ್ರ ತಂದರೆ ಅಲ್ಲಿಯ ವಿದೇಶಾಂಗ ಇಲಾಖೆಯ, ನಮ್ಮ ದೂತಾವಾಸದ ಮುದ್ರೆ ಹಾಕಿಸಿಕೊಂಡೇ ಬನ್ನಿ. ಚರ್ಚಿನಲ್ಲಿ ಆಗುವವರಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇದೆ. ಅಲ್ಲಿ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೆ ಸಾಕು.

ನೋಟಿಸು ಹಚ್ಚುವುದಕ್ಕೆ ನಮ್ಮ ಕಡೆ ತುಂಬ ಅಂಜಿಕೆ ಇದೆ. ಸಣ್ಣ ಊರು, ಹೊಲದ ಖರೀದಿಗೆ, ಬೋಜಾಕ್ಕೆ ಬಂದವರೆಲ್ಲ ಆ ಹಲಗೆಯ ಮುಂದೆ ನಿಂತು ಹೆಸರು ಓದುತ್ತಾರೆ, ಸಂಜೆಯೊಳಗೆ ಸುದ್ದಿ ಬಸ್ ಸ್ಟ್ಯಾಂಡ್ ಮುಟ್ಟುತ್ತದೆ. ಯಾರೋ ತಕರಾರು ಹಾಕಿಯಾರು ಎಂಬ ಭಯವೂ ಇರುತ್ತದೆ. ಆದರೆ ತಕರಾರಿಗೆ ಕಾನೂನು ಒಪ್ಪುವ ಕಾರಣಗಳು ಬಹಳ ಕಡಿಮೆ: ಮೊದಲಿನ ಗಂಡ ಅಥವಾ ಹೆಂಡತಿ ಇದ್ದಾರೆ, ವಯಸ್ಸು ಸಾಲದು, ಬುದ್ಧಿ ಸ್ವಸ್ಥವಿಲ್ಲ, ನಿಷಿದ್ಧ ಸಂಬಂಧ, ಇಷ್ಟೇ. ಜಾತಿ ಬೇರೆ, ಧರ್ಮ ಬೇರೆ, ದೇಶ ಬೇರೆ ಎನ್ನುವುದು ತಕರಾರೇ ಅಲ್ಲ. ಹಾಗೆ ಯಾರಾದರೂ ಬರೆದುಕೊಟ್ಟರೆ ಅಧಿಕಾರಿ ಅದನ್ನು ತಳ್ಳಿಹಾಕಲೇಬೇಕು.

ಮನೆಯವರು ಒಪ್ಪಿದ ಸಂಬಂಧವನ್ನು ಸರ್ಕಾರ ಒಪ್ಪದಿದ್ದರೆ ಏನಾಗುತ್ತದೆ ಎಂಬುದನ್ನು ಕಿತ್ತೂರ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1824ರಲ್ಲಿ ಕಿತ್ತೂರು ಅರಮನೆಯವರು ದತ್ತು ತೆಗೆದುಕೊಂಡ ಮಗನನ್ನು ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ವಾರಸುದಾರ ಎಂದು ಒಪ್ಪಲಿಲ್ಲ, ಅಲ್ಲಿಂದಲೇ ಕಿತ್ತೂರಿನ ಯುದ್ಧ ಹೊತ್ತಿಕೊಂಡಿತು. ಅದು ಅನ್ಯಾಯದ ಸರ್ಕಾರ. ಈಗಿನ ಕಾನೂನು ನಾವೇ ಮಾಡಿಕೊಂಡದ್ದು, ದಾರಿಯನ್ನೂ ಅದೇ ತೋರಿಸಿದೆ. ಆ ದಾರಿಯಲ್ಲಿ ಹೋಗದೆ ಹುಡುಗಿಯನ್ನು ನಡುನೀರಲ್ಲಿ ಬಿಟ್ಟರೆ ಆ ತಪ್ಪು ನಮ್ಮದು.

ಇನ್ನು ಹುಡುಗಿಯ ಕಡೆಯ ಕಾಗದ. ಫಿಲಿಪ್ಪೀನ್ಸಿನಲ್ಲಿ ಮುಸ್ಲಿಮರನ್ನು ಬಿಟ್ಟರೆ ಉಳಿದವರಿಗೆ ವಿಚ್ಛೇದನದ ಕಾನೂನೇ ಇಲ್ಲ. ಅಲ್ಲಿ ಗಂಡನಿಂದ ಹತ್ತು ವರ್ಷ ದೂರ ಇದ್ದವಳೂ ಕಾಗದದಲ್ಲಿ ಇನ್ನೂ ಅವನ ಹೆಂಡತಿಯೇ. ಅವಳದು ಯಾವ ತಪ್ಪೂ ಇಲ್ಲದಿರಬಹುದು, ಆದರೂ ಹಳೆಯ ಮದುವೆಯನ್ನು ಅಲ್ಲಿಯ ನ್ಯಾಯಾಲಯ ರದ್ದು ಮಾಡುವವರೆಗೆ ಅವಳ ಹೊಸ ಮದುವೆ ನಿಲ್ಲುವುದಿಲ್ಲ. ಆದ್ದರಿಂದ ಅಲ್ಲಿಯ ಅಂಕಿಅಂಶ ಪ್ರಾಧಿಕಾರ ಕೊಡುವ, ಮದುವೆಯಾಗಿಲ್ಲ ಎಂಬ ದಾಖಲೆಯನ್ನು ತರಿಸಿ. ಸೆನೊಮಾರ್ ಎಂದು ಅದನ್ನು ಕರೆಯುತ್ತಾರೆ. ಅದರ ಮೇಲೆ ಅಲ್ಲಿಯ ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಮುದ್ರೆ ಇರಲಿ. ಭಾರತ 2005ರಿಂದ, ಫಿಲಿಪ್ಪೀನ್ಸ್ 2019ರ ಮೇ ತಿಂಗಳಿಂದ ಅಪೋಸ್ಟಿಲ್ ಒಪ್ಪಂದದಲ್ಲಿರುವುದರಿಂದ ಒಂದೇ ಮುದ್ರೆ ಎರಡೂ ಕಡೆ ನಡೆಯುತ್ತದೆ. ದಾಖಲೆ ಕೇಳಿದರೆ ಹುಡುಗಿಗೆ ಬೇಜಾರಾದೀತು ಎಂದು ಸಂಕೋಚಪಡಬೇಡಿ. ನಿಮ್ಮ ಮಗನೂ ತನ್ನದನ್ನು ತೋರಿಸಲಿ, ಇಬ್ಬರೂ ಒಟ್ಟಿಗೆ ಕೂತು ಒಬ್ಬರ ಕಾಗದ ಒಬ್ಬರು ಓದಲಿ.

ಮದುವೆಯಾದ ಮೇಲೆ ದಿಲ್ಲಿಯಲ್ಲಿರುವ ಫಿಲಿಪ್ಪೀನ್ಸ್ ದೂತಾವಾಸಕ್ಕೆ ಮದುವೆಯ ವರದಿ ಕೊಡಬೇಕು. ಕೊಡದಿದ್ದರೆ ಅವಳ ದೇಶದ ದಾಖಲೆಯಲ್ಲಿ ಅವಳು ಅವಿವಾಹಿತೆಯಾಗಿಯೇ ಉಳಿಯುತ್ತಾಳೆ. ಪರದೇಶದವರನ್ನು ಮದುವೆಯಾಗಿ ನೆಲೆಸಲು ಹೊರಡುವ ತಮ್ಮ ಮಕ್ಕಳಿಗೆ ಆ ಸರ್ಕಾರ ಒಂದು ತಿಳಿವಳಿಕೆಯ ತರಗತಿಯನ್ನೂ ಕಡ್ಡಾಯ ಮಾಡಿದೆ. ಆ ಪ್ರಮಾಣಪತ್ರವಿಲ್ಲದೆ ಮನಿಲಾ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಇದು ಅವರ ಹೆಣ್ಣುಮಕ್ಕಳ ರಕ್ಷಣೆಗೆ ಮಾಡಿದ ವ್ಯವಸ್ಥೆ. ಅಂಥ ಒಂದು ತರಗತಿ ನಮ್ಮಲ್ಲೂ ಇದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹೆಸರಿನ ತೊಡಕನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೌಂಟರಿನಲ್ಲಿ ಅರ್ಜಿ ವಾಪಸ್ ಬರುವುದು ಬಹಳ ಸಲ ಇದರಿಂದಲೇ. ನಮ್ಮ ಕಡೆ ತನ್ನ ಹೆಸರು, ಅಪ್ಪನ ಹೆಸರು, ಆಮೇಲೆ ಅಡ್ಡಹೆಸರು. ಫಿಲಿಪ್ಪೀನ್ಸಿನಲ್ಲಿ ತನ್ನ ಹೆಸರು, ನಡುವೆ ತಾಯಿಯ ತವರಿನ ಅಡ್ಡಹೆಸರು, ಕೊನೆಗೆ ಅಪ್ಪನ ಅಡ್ಡಹೆಸರು. ಅರ್ಜಿ ತುಂಬುವವರು ನಡುವಿನ ಹೆಸರನ್ನು ಅಪ್ಪನ ಹೆಸರೆಂದು ಬರೆದುಬಿಡುತ್ತಾರೆ. ಮದುವೆಯ ಪ್ರಮಾಣಪತ್ರದಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ರೀತಿ ಆಗಿ, ಒಬ್ಬಳೇ ಹುಡುಗಿ ಕಾಗದದಲ್ಲಿ ಮೂವರಾಗುತ್ತಾಳೆ. ಅವಳ ಪಾಸ್‌ಪೋರ್ಟಿನ ಪುಟವನ್ನು ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ. ಗಂಡನ ಅಡ್ಡಹೆಸರು ಇಟ್ಟುಕೊಳ್ಳಲೇಬೇಕೆಂದು ಎರಡೂ ದೇಶಗಳ ಕಾನೂನು ಹೇಳುವುದಿಲ್ಲ. ಮನೆಯಲ್ಲಿ ಪ್ರೀತಿಯಿಂದ ಗಂಗಾ ಎಂದೋ ಗೌರಿ ಎಂದೋ ಕರೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಆ ಹೆಸರನ್ನು ಸರ್ಕಾರಿ ಅರ್ಜಿಗೆ ಮಾತ್ರ ತರಬೇಡಿ.

ಈಗ ವೀಸಾ. 2025ರ ಆಗಸ್ಟಿನಿಂದ ಫಿಲಿಪ್ಪೀನ್ಸಿನವರಿಗೆ ಭಾರತ ಪ್ರವಾಸಿ ಇ-ವೀಸಾವನ್ನು ಶುಲ್ಕವಿಲ್ಲದೆ ಕೊಡಲು ತೀರ್ಮಾನಿಸಿತು. ಅತ್ತೆ ಮಾವನನ್ನು ನೋಡಿ ಹೋಗಲು ಅದು ಸಾಕು. ಸಂಸಾರ ಮಾಡಲು ಸಾಲದು. ಭಾರತೀಯನ ಹೆಂಡತಿಯಾಗಿ ಬಂದು ಇರಬೇಕಾದವಳು ಎಂಟ್ರಿ ವೀಸಾ ತೆಗೆದುಕೊಳ್ಳಬೇಕು, ಎಕ್ಸ್ ವೀಸಾ ಎಂದೂ ಅದಕ್ಕೆ ಹೆಸರಿದೆ. ಮದುವೆಯ ಪ್ರಮಾಣಪತ್ರ ತೋರಿಸಿ ಅವಳು ಇರುವ ದೇಶದ ಭಾರತೀಯ ದೂತಾವಾಸದಿಂದಲೇ ಪಡೆದುಕೊಂಡು ಬರುವುದು ಒಳ್ಳೆಯದು. ಒಮ್ಮೆಗೆ 5 ವರ್ಷದವರೆಗೂ ಕೊಡುವುದುಂಟು. ಬಂದ ಮೇಲೆ ವೀಸಾದ ಮೇಲೆ ನೋಂದಣಿಯ ಬಗ್ಗೆ ಏನು ಬರೆದಿದೆ ಎಂದು ಓದಿ. 14 ದಿನದೊಳಗೆ ಎಂದಿದ್ದರೆ ವಿದೇಶಿಯರ ನೋಂದಣಿಗಿರುವ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ನಮ್ಮ ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿಯ ಅಧಿಕಾರ ಬೆಳಗಾವಿಯ ಎಸ್‌ಪಿಯವರದು. ಬೆಳಗಾವಿಗೆ ಇದು ಹೊಸತಲ್ಲ, ಕೆಎಲ್‌ಇ ಸಂಸ್ಥೆಯಲ್ಲಿ ಮಲೇಷಿಯಾದ ವೈದ್ಯಕೀಯ ವಿದ್ಯಾರ್ಥಿಗಳು ವರ್ಷಗಳಿಂದ ಓದಿಕೊಂಡು ಬಂದಿದ್ದಾರೆ. ವಿದೇಶಿಯರು ಮನೆಯಲ್ಲಿ ಇಳಿದುಕೊಂಡರೆ 24 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ ಲಾಡ್ಜುಗಳಿಗೆ ಮಾತ್ರ ಎಂದು ಭಾವಿಸಬೇಡಿ, ಹಳ್ಳಿಯ ಮನೆಗೂ ಅದು ಅನ್ವಯಿಸುತ್ತದೆ.

ವೀಸಾ ಮುಗಿಯುವ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗಂಡ ದುಬೈಗೆ ವಾಪಸ್ ಹೋಗಿರುತ್ತಾನೆ, ಅತ್ತೆ ಮಾವನಿಗೆ ಇಂಗ್ಲಿಷ್ ಬಾರದು, ಸೊಸೆಗೆ ಕನ್ನಡ ಬಾರದು, ತಾರೀಖು ದಾಟಿಹೋಗುತ್ತದೆ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ವೀಸಾ ಮೀರಿ ಉಳಿದರೆ 3 ವರ್ಷದವರೆಗೆ ಸಜೆ ಅಥವಾ 3 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನಮ್ಮ ಮನೆಗೆ ಬಂದ ಹೆಣ್ಣುಮಗಳಿಗೆ ನಮ್ಮ ಮರೆವಿನಿಂದ ಅಂಥ ಗತಿ ಬರಬಾರದು.

ಎಕ್ಸ್ ವೀಸಾದಲ್ಲಿ ನೌಕರಿ ಮಾಡುವ ಹಾಗಿಲ್ಲ. ರೊಕ್ಕದ ಚಿಂತೆಯ ಬೇರು ಇರುವುದೇ ಇಲ್ಲಿ. ಗಲ್ಫಿನಲ್ಲಿ ಇಬ್ಬರೂ ದುಡಿಯುತ್ತಿದ್ದರು. ಅಲ್ಲಿ ಗಂಡ ಹೆಂಡತಿಯನ್ನು ತನ್ನ ವೀಸಾದ ಮೇಲೆ ಇಟ್ಟುಕೊಳ್ಳಲು ಎಮಿರೇಟ್ಸಿನ ನಿಯಮದಂತೆ ಕನಿಷ್ಠ 4000 ದಿರ್ಹಮ್ ಸಂಬಳ, ಅಥವಾ 3000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಅದನ್ನು ಹೇಗೋ ಹೊಂದಿಸಿಕೊಂಡಿದ್ದರು. ಊರಿಗೆ ಬಂದ ದಿನ ಹೆಂಡತಿಯ ದುಡಿಮೆ ನಿಂತುಹೋಗುತ್ತದೆ. ಆದರೆ ಅವಳ ತವರಿನ ಖರ್ಚು ನಿಲ್ಲುವುದಿಲ್ಲ.

ರಾಮದುರ್ಗದ ಕಡೆಯ ಒಬ್ಬ ತಾಯಿ ನನ್ನ ಮುಂದೆ ಕೂತು ಹೇಳಿದ ಮಾತು ಇದು: "ಯಪ್ಪಾ, ಸೊಸಿ ಚಲೋ ಅದಾಳ. ರೊಟ್ಟಿ ಬಡ್ಯಾಕ ಕಲತಾಳ, ನನಗ ಕಾಲು ಒತ್ತತಾಳ. ಆದ್ರ ಒಂದನೇ ತಾರೀಖು ಬಂತಂದ್ರ ತವರಿಗೆ ರೊಕ್ಕ ಹೋಗಬೇಕ್ ನೋಡು. ಮದವಿ ಮಾಡಿಕೊಟ್ಟ ಮ್ಯಾಲೂ ಮಗಳ ರೊಕ್ಕ ತಿಂತಾರಂದ್ರ ಅವರೆಂಥ ಮಂದಿ?" ನಾನು ಆ ತಾಯಿಗೆ ಕೇಳಿದೆ: "ಯವ್ವಾ, ನಿಮ್ಮ ಮಗ ದುಬೈದಿಂದ ನಿಮಗ ರೊಕ್ಕ ಕಳಸ್ತಾನಲ್ಲ, ಅದನ್ನ ಏನಂತೀರಿ?" "ಅಂವ ನನ್ನ ಮಗ ಅಲ್ಲೇನಪಾ" ಅಂದರು. "ಅಕಿನೂ ಅವರವ್ವಗ ಮಗಳರೀ" ಅಂದೆ. ಅವರು ಸುಮ್ಮನೆ ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತಾ ಕೂತರು. ಆಮೇಲೆ, "ಎಷ್ಟು ಕಳಸಬೇಕಂತ ಮೊದಲ ಹೇಳಿದ್ರ ಚಲೋ ಆಗತಿತ್ತು" ಅಂದರು. ಅವರ ಮಾತು ನ್ಯಾಯವಾಗಿಯೇ ಇತ್ತು.

ಫಿಲಿಪ್ಪೀನ್ಸಿಗೆ ಹೊರಗೆ ದುಡಿಯುವ ಮಕ್ಕಳು ವರ್ಷಕ್ಕೆ ಕಳಿಸುವ ಹಣ 3000 ಕೋಟಿ ಡಾಲರನ್ನು ದಾಟುತ್ತದೆ. ಭಾರತಕ್ಕೆ ನಮ್ಮವರು ಕಳಿಸುವುದು 2022ರಿಂದ 10,000 ಕೋಟಿ ಡಾಲರಿಗೂ ಮೇಲೆ. ಎರಡೂ ದೇಶಗಳ ಹಳ್ಳಿಗಳು ನಿಂತಿರುವುದು ಹೀಗೆ. ಅಲ್ಲಿ ಹಿರಿಯ ಮಗಳು ತಮ್ಮ ತಂಗಿಯರ ಶಾಲೆಯ ಫೀಸು ಕಟ್ಟುತ್ತಾಳೆ, ತಂದೆಯ ಔಷಧಿ ತರುತ್ತಾಳೆ. ಮದುವೆಯಾದ ಮಾತ್ರಕ್ಕೆ ಆ ಹೊಣೆ ಇಳಿಯುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಮದುವೆಗೆ ಮೊದಲೇ ಇಬ್ಬರೂ ಕೂತು, ತಿಂಗಳಿಗೆ ಆ ಮನೆಗೆ ಇಷ್ಟು, ಈ ಮನೆಗೆ ಇಷ್ಟು ಎಂದು ಗೊತ್ತು ಮಾಡಿಕೊಳ್ಳಲಿ, ಅದನ್ನು ಎರಡೂ ಮನೆಯ ಹಿರಿಯರಿಗೆ ಬಾಯಿಬಿಟ್ಟು ಹೇಳಲಿ. ಹೆಂಡತಿ ದುಡಿಯದೆ ಇರುವ ಕನಿಷ್ಠ 2 ವರ್ಷದ ಖರ್ಚನ್ನು ಕೂಡಿಟ್ಟುಕೊಂಡೇ ಊರಿಗೆ ಬರಲಿ.

2 ವರ್ಷ ಎಂದು ಹೇಳಿದ್ದಕ್ಕೆ ಕಾರಣವಿದೆ. ಭಾರತೀಯನನ್ನು ಮದುವೆಯಾದ ವಿದೇಶಿ ಹೆಂಡತಿಗೆ ಓಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡ್ ಸಿಗಬೇಕಾದರೆ ಆ ಮದುವೆ ನೋಂದಣಿಯಾಗಿದ್ದು, ಅರ್ಜಿಗೆ ಹಿಂದಿನ 2 ವರ್ಷ ಎಡೆಬಿಡದೆ ನಡೆದಿರಬೇಕು. ಭದ್ರತಾ ಪರಿಶೀಲನೆಯೂ ಆಗುತ್ತದೆ. ಭಾರತದಲ್ಲಿ ಅರ್ಜಿ ಹಾಕಿದರೆ ಶುಲ್ಕ 15,000 ರೂಪಾಯಿ. ಈ ಕಾರ್ಡ್ ಬಂದ ಮೇಲೆ ಅವಳಿಗೆ ವೀಸಾದ ಹಂಗಿಲ್ಲ, ಪೊಲೀಸ್ ನೋಂದಣಿಯ ಹಂಗಿಲ್ಲ, ನೌಕರಿ ಮಾಡಬಹುದು. ಮತ ಹಾಕುವಂತಿಲ್ಲ, ಸರ್ಕಾರಿ ನೌಕರಿ ಇಲ್ಲ. ನಾಗರಿಕತ್ವವೇ ಬೇಕೆಂದರೆ ಮದುವೆಯಾಗಿ 7 ವರ್ಷ ಇಲ್ಲಿ ವಾಸವಿದ್ದು ಅರ್ಜಿ ಹಾಕಬಹುದು. ಆದರೆ ಭಾರತ ಇಬ್ಬಗೆಯ ನಾಗರಿಕತ್ವ ಒಪ್ಪುವುದಿಲ್ಲವಾದ್ದರಿಂದ ಅವಳು ತನ್ನ ದೇಶದ ನಾಗರಿಕತ್ವವನ್ನು ಬಿಡಬೇಕಾಗುತ್ತದೆ. ಅದನ್ನು ಅವಳೇ ನಿರ್ಧರಿಸಲಿ, ಮನೆಯವರು ಒತ್ತಾಯ ಮಾಡಬಾರದು.

ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ. ಮಗ ಹೊರಗಿದ್ದಾಗ ಎನ್‌ಆರ್‌ಇ ಖಾತೆ ಇರುತ್ತದೆ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಇಲ್ಲಿಯ ಬಾಡಿಗೆ, ಇಲ್ಲಿಯ ಆದಾಯ ಎನ್‌ಆರ್‌ಒ ಖಾತೆಗೆ ಹೋಗಬೇಕು. ಹೊರದೇಶದಲ್ಲಿ ನೆಲೆಸಿರುವ ಭಾರತೀಯನ ವಿದೇಶಿ ಹೆಂಡತಿಯೂ ಈ ಖಾತೆಗಳನ್ನು ತೆರೆಯಬಹುದು. ರಿಸರ್ವ್ ಬ್ಯಾಂಕಿನ 2016ರ ಠೇವಣಿ ನಿಯಮಗಳು, ಪಾಕಿಸ್ತಾನ ಮತ್ತು ಬಾಂಗ್ಲಾದೇಶದವರನ್ನು ಬಿಟ್ಟು, ಅಂಥ ಹೆಂಡತಿಯನ್ನು ಭಾರತೀಯ ಮೂಲದವಳೆಂದೇ ಎಣಿಸುತ್ತವೆ. ಇದು ಸಣ್ಣ ಶಾಖೆಗಳಲ್ಲಿ ಎಲ್ಲರಿಗೂ ಗೊತ್ತಿರುವುದಿಲ್ಲ, ಆಗೋದಿಲ್ಲ ಎಂದು ಒಮ್ಮೆ ಹೇಳಿದರೆ ಎದ್ದು ಬರಬೇಡಿ, ವಲಯ ಕಚೇರಿಗೆ ಬರೆದು ಕೇಳಿರಿ. ಊರಿಗೆ ಕಾಯಂ ವಾಪಸ್ ಬಂದವರು ಎನ್‌ಆರ್‌ಇ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಿಸಬೇಕು. ಹಾಗೇ ಬಿಟ್ಟು ಬಡ್ಡಿ ತಿಂದರೆ ನಾಳೆ ತೆರಿಗೆ ಇಲಾಖೆಯ ನೋಟಿಸು ಬರುತ್ತದೆ.

ಇಲ್ಲಿಂದ ಮನಿಲಾಕ್ಕೆ ಹಣ ಕಳಿಸುವುದೂ ಕಾನೂನುಬದ್ಧವೇ. ಇಲ್ಲಿ ವಾಸವಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರಿನವರೆಗೆ ಬ್ಯಾಂಕಿನ ಮೂಲಕ ಹೊರಗೆ ಕಳಿಸಬಹುದು. ಪ್ಯಾನ್ ಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟುವವರೆಗೆ ಮೂಲದಲ್ಲಿ ತೆರಿಗೆ ಹಿಡಿಯುವುದಿಲ್ಲ, ನಮ್ಮ ಸಾಮಾನ್ಯ ಮನೆಗಳಿಗೆ ಆ ಮಿತಿಯೇ ಸಾಕಷ್ಟಾಯಿತು. ಹವಾಲಾದವರ ಕೈಗೆ ಕೊಡಬೇಡಿ. ಇನ್ನೊಂದು ಮಾತು: ಒಮ್ಮೆಯೂ ಎದುರು ಕಾಣದ ಹುಡುಗಿ ಫೋನಿನಲ್ಲಿ ಪ್ರೀತಿ ಹೇಳಿ, ವೀಸಾ ಶುಲ್ಕ, ಟಿಕೆಟ್, ಕಸ್ಟಮ್ಸಿನಲ್ಲಿ ಸಿಕ್ಕ ಪಾರ್ಸಲ್ ಎಂದು ರೊಕ್ಕ ಕೇಳಿದರೆ ಅದು ಮೋಸ. ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಇನ್ನು ನಮ್ಮ ಮಂದಿಗೆ ಎಲ್ಲಕ್ಕಿಂತ ದೊಡ್ಡದು, ಹೊಲ. "ಉತಾರದಾಗ ಅಕೀ ಹೆಸರು ಏರತೈತೇನ್ರಿ?" ಎಂದು ಹೊಲದ ದಾಖಲೆಯ ಬಗ್ಗೆ ಕೇಳುವವರ ದನಿಯಲ್ಲೇ ಅಂಜಿಕೆ ಇರುತ್ತದೆ. ಮೊದಲು ಮಗನ ವಿಷಯ ತಿಳಿಯಿರಿ. ದುಬೈಯಲ್ಲಿರುವ ಮಗ ಅನಿವಾಸಿ. ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯನಾಗಲಿ, ಓಸಿಐ ಕಾರ್ಡಿನವರಾಗಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ಮನೆ, ಅಂಗಡಿ, ಎನ್‌ಎ ಆದ ಪ್ಲಾಟು ಖರೀದಿಸಬಹುದು. ಕರ್ನಾಟಕ ಸರ್ಕಾರ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದದ್ದರಿಂದ ಯಾರು ಬೇಕಾದರೂ ಹೊಲ ಕೊಳ್ಳಬಹುದು ಎಂಬ ಮಾತು ಹಬ್ಬಿದೆ. ಅದು ಇಲ್ಲಿ ವಾಸವಿರುವವರ ಮಟ್ಟಿಗೆ. ಕೇಂದ್ರದ ಫೆಮಾ ನಿಯಮ ಅನಿವಾಸಿಗೆ ಹಾಗೇ ಇದೆ. ವಾರಸಾದಿಂದ ಬಂದ ಹೊಲಕ್ಕೆ ಮಾತ್ರ ಅಡ್ಡಿಯಿಲ್ಲ. ಓಸಿಐ ಕೂಡ ಇಲ್ಲದ ವಿದೇಶಿ ಹೆಂಡತಿ, ಮದುವೆ ನೋಂದಣಿಯಾಗಿ 2 ವರ್ಷ ಕಳೆದಿದ್ದರೆ, ಅನಿವಾಸಿ ಗಂಡನೊಡನೆ ಜಂಟಿಯಾಗಿ ಒಂದೇ ಒಂದು ಸ್ಥಿರಾಸ್ತಿ ಕೊಳ್ಳಬಹುದು, ಅದೂ ಹೊಲ ಅಲ್ಲದ್ದು.

ವಿಶೇಷ ವಿವಾಹ ಕಾಯ್ದೆಯ 19ನೇ ಕಲಮನ್ನು ನಮ್ಮ ಕಡೆ ಯಾರೂ ಓದಿರುವುದಿಲ್ಲ. ಅವಿಭಕ್ತ ಕುಟುಂಬದ ಹಿಂದೂ ಮಗನೊಬ್ಬ ಈ ಕಾಯ್ದೆಯಲ್ಲಿ ಬೇರೆ ಧರ್ಮದವಳನ್ನು ಮದುವೆಯಾದರೆ, ಆ ದಿನದಿಂದ ಅವನು ಕುಟುಂಬದಿಂದ ಬೇರೆಯಾದಂತೆ. ಹೆದರಬೇಡಿ, ಅವನ ಪಾಲು ಹೋಗುವುದಿಲ್ಲ. 20ನೇ ಕಲಮು ಅದನ್ನು ಕಾಯುತ್ತದೆ. ಒಲೆ ಒಂದೇ ಇರಬಹುದು, ಎತ್ತು ಒಂದೇ ಇರಬಹುದು, ಆದರೆ ಕಾನೂನಿನ ಲೆಕ್ಕದಲ್ಲಿ ಅವನ ವಾಟ್ನಿ ಆಗಿಹೋಯಿತು. ಆಮೇಲೆ ಅವನ ಆಸ್ತಿಗೆ ಹಿಂದೂ ಉತ್ತರಾಧಿಕಾರದ ಕಾನೂನು ನಡೆಯುವುದಿಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ನಡೆಯುತ್ತದೆ. ಉಯಿಲು ಬರೆಯದೆ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಎರಡು ಪಾಲು ಮಕ್ಕಳಿಗೆ. ಮಕ್ಕಳಿದ್ದರೆ ತಾಯಿಗೆ ಇದರಲ್ಲಿ ಏನೂ ಬರುವುದಿಲ್ಲ. ಹಿಂದೂ ಕಾನೂನಿನಲ್ಲಿ ತಾಯಿಯೂ ಮೊದಲ ದರ್ಜೆಯ ವಾರಸುದಾರಳು, ಇಲ್ಲಿ ಹಾಗಲ್ಲ. ಮುಪ್ಪಿನ ತಾಯಿಗೆ ಜೀವನಾಧಾರ ಬೇಕು, ಹೆಂಡತಿಗೆ ನೆಲೆ ಬೇಕು. ಎರಡನ್ನೂ ನಡೆಸುವ ದಾರಿ ಎಂದರೆ ಒಂದು ಉಯಿಲು. ಮದುವೆಯಾದ ವರ್ಷವೇ ಬರೆದಿಡುವುದು ಅಪಶಕುನ ಎಂದು ಹಿರಿಯರು ಬೈಯುತ್ತಾರೆ. ಬೈಸಿಕೊಂಡಾದರೂ ಬರೆದಿಡಿ ಎನ್ನುತ್ತೇನೆ ನಾನು. ಬ್ಯಾಂಕಿನಲ್ಲಿ ನಾಮಿನಿ ಮಾಡಿದರೆ ಸಾಕು ಎಂದು ಸುಮ್ಮನಿರಬೇಡಿ. ನಾಮಿನಿ ಹಣ ತೆಗೆದುಕೊಳ್ಳುವವನು ಮಾತ್ರ, ಒಡೆಯನಲ್ಲ. 2025ರ ನವೆಂಬರಿನಿಂದ ಒಂದು ಖಾತೆಗೆ ನಾಲ್ವರ ತನಕ ನಾಮಿನಿ ಇಡಬಹುದು, ತಾಯಿಯ ಹೆಸರನ್ನೂ ಹೆಂಡತಿಯ ಹೆಸರನ್ನೂ ಬರೆಸಿ.

ಅತ್ತ ಕಡೆ, ನಮ್ಮ ಹುಡುಗ ಫಿಲಿಪ್ಪೀನ್ಸಿಗೆ ಹೋಗಿ ನೆಲೆಸುವುದಾದರೆ ಅಲ್ಲಿಯೂ ಕಟ್ಟುಪಾಡುಗಳಿವೆ. 2025ರಿಂದ ಭಾರತೀಯರು ಪ್ರವಾಸಕ್ಕೆಂದು 14 ದಿನ ವೀಸಾ ಇಲ್ಲದೆ ಹೋಗಿಬರಬಹುದು, ನೆಲೆಸಲು ಮದುವೆಯ ಆಧಾರದ ವೀಸಾಕ್ಕೆ ಅಲ್ಲಿಯ ವಲಸೆ ಇಲಾಖೆಗೆ ಅರ್ಜಿ ಹಾಕಬೇಕು. ಅವರ 1987ರ ಸಂವಿಧಾನ ವಿದೇಶಿಗೆ ನೆಲ ಕೊಳ್ಳಲು ಬಿಡುವುದಿಲ್ಲ. ಹೆಂಡತಿಯ ಹೆಸರಿನಲ್ಲಿ ಕೊಂಡರೆ ಅದು ಹೆಂಡತಿಯದೇ. ನಮ್ಮ ಹೊಲದ ಬಗ್ಗೆ ನಮಗಿರುವ ಕಾಳಜಿಯೇ ಅವರಿಗೂ ಇದೆ.

ಮಕ್ಕಳ ಮಾತು ಸರಳ. ಇಲ್ಲಿ ಹುಟ್ಟಿದ ಮಗುವಿನ ತಂದೆ ಭಾರತೀಯ, ತಾಯಿ ಸರಿಯಾದ ವೀಸಾದಲ್ಲಿ ಇದ್ದವಳು ಎಂದಾದರೆ ಮಗು ಭಾರತದ ನಾಗರಿಕ. ತಾಯಿಯ ವೀಸಾ ಮುಗಿದಿದ್ದರೆ ಅದೇ ಮಗುವಿನ ನಾಗರಿಕತ್ವಕ್ಕೆ ಕುತ್ತು ಬರಬಹುದು, ವೀಸಾದ ತಾರೀಖಿನ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. 21 ದಿನದೊಳಗೆ ಪುರಸಭೆಯಲ್ಲೋ ಪಂಚಾಯಿತಿಯಲ್ಲೋ ಜನನ ನೋಂದಣಿ ಮಾಡಿಸಿ, ತಾಯಿಯ ಹೆಸರು ಪಾಸ್‌ಪೋರ್ಟಿನಂತೆಯೇ ಬರೆಸಿ. ಹೊರದೇಶದಲ್ಲಿ ಹುಟ್ಟಿದರೆ 1 ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ನೋಂದಾಯಿಸಬೇಕು.

ಕೊನೆಗೆ ಯಾರೂ ಕೇಳಲು ಬಯಸದ ಮಾತು. ಸಂಸಾರ ಮುರಿದರೆ ಏನು? ನ್ಯಾಯಾಲಯದಲ್ಲಿ ವಿಚ್ಛೇದನವಾದರೆ ಹೆಂಡತಿಯೆಂದು ಸಿಕ್ಕ ಓಸಿಐ ಕಾರ್ಡು ರದ್ದಾಗಬಹುದು. ಅಂದರೆ ಅವಳು ಈ ನೆಲದಲ್ಲಿ ಇರುವುದು ಗಂಡನ ಮರ್ಜಿಯ ಮೇಲೆ ಎಂಬಂತಾಗುತ್ತದೆ. ಇದು ಗೊತ್ತಿರುವ ಗಂಡ ಬೆದರಿಸಿದ್ದನ್ನೂ, ಪಾಸ್‌ಪೋರ್ಟನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿದ್ದನ್ನೂ ನಾನು ಕಂಡಿದ್ದೇನೆ. ಅವಳ ಪಾಸ್‌ಪೋರ್ಟ್ ಅವಳ ಹತ್ತಿರವೇ ಇರಬೇಕು. ಕೌಟುಂಬಿಕ ದೌರ್ಜನ್ಯದ ವಿರುದ್ಧ 2005ರ ಕಾಯ್ದೆ ಇಲ್ಲಿ ಸಂಸಾರ ಮಾಡುವ ಹೆಣ್ಣುಮಗಳನ್ನು ರಕ್ಷಿಸುತ್ತದೆ, ಅವಳು ಯಾವ ದೇಶದವಳು ಎಂದು ಕೇಳುವುದಿಲ್ಲ. ಮಹಿಳಾ ಸಹಾಯವಾಣಿ 181 ಅವಳ ಫೋನಿನಲ್ಲಿರಲಿ, ದಿಲ್ಲಿಯ ಫಿಲಿಪ್ಪೀನ್ಸ್ ದೂತಾವಾಸದ ನಂಬರೂ ಇರಲಿ. ಅವಳ ಹೆಸರಿನಲ್ಲೊಂದು ಬ್ಯಾಂಕ್ ಖಾತೆ, ಅದರಲ್ಲಿ ತವರಿಗೆ ಹೋಗುವ ಟಿಕೆಟಿನಷ್ಟು ಹಣ ಯಾವಾಗಲೂ ಇರಲಿ. ಮದುವೆಯ ಪ್ರಮಾಣಪತ್ರದ ದೃಢೀಕೃತ ನಕಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ನೋಂದಣಿಯಾದ ದಿನವೇ ಎರಡು ಪ್ರತಿ ಹೆಚ್ಚಿಗೆ ತೆಗೆಸಿ ಒಂದನ್ನು ಸೊಸೆಯ ಕೈಗೆ ಕೊಡಿ, ಇನ್ನೊಂದನ್ನು ಅವಳ ತಾಯಿಗೆ ಕಳಿಸಿ.